ಕಡ್ಡಿ ಕೇಕಿನ ಕುರಿಗೆ ಕಣ್ಣು ಬರೆಯುವ ಸಕ್ಕುಬಾಯಿ

ಸದಲಗಾದಲ್ಲಿ ಹಾಲಿನ ಡೇರಿಯ ಬಾಗಿಲು ಇನ್ನೂ ತೆರೆದಿಲ್ಲ. ದೂಧಗಂಗೆಯ ಕಡೆಯಿಂದ ಬೀಸುವ ಗಾಳಿಯಲ್ಲಿ ತಂಪಿದೆ. ಊರ ಹೊರಗೆ, ಕಬ್ಬಿನ ಹೊಲಕ್ಕೆ ಆತುಕೊಂಡ ಮನೆಯ ಹಿಂದಿನ ಖೋಲಿಯಲ್ಲಿ ಸಕ್ಕುಬಾಯಿ ಪೂಜೇರಿ ಬಳೆಗಳನ್ನು ಮೊಳಕೈಯತ್ತ ಸರಿಸಿಕೊಂಡು ಕೈ ತೊಳೆಯುತ್ತಾರೆ. ಒರೆಸಿಕೊಳ್ಳಲು ಸೆರಗಿಗೆ ಕೈ ಹೋಗುವುದಿಲ್ಲ. ಅದಕ್ಕೆಂದೇ ಮೊಳೆಗೆ ತೂಗುಹಾಕಿದ ಬಿಳಿ ಬಟ್ಟೆಯಿದೆ. ಬೆರಳುಗಳ ಸಂದಿಯೂ ಒಣಗಿತೇ ಎಂದು ನೋಡಿಕೊಂಡು ಚಾಪೆಯ ಮೇಲೆ ಕೂರುತ್ತಾರೆ.

ಎದುರಿಗೆ ಥರ್ಮಾಕೋಲಿನ ದಪ್ಪ ಹಲಗೆ. ಅದರಲ್ಲಿ ಸಾಲಾಗಿ ಚುಚ್ಚಿ ನಿಲ್ಲಿಸಿದ ಬಿಳಿ ಕಡ್ಡಿಗಳು. ಪ್ರತಿ ಕಡ್ಡಿಯ ತುದಿಯಲ್ಲೂ ನಿಂಬೆಹಣ್ಣಿನಷ್ಟು ದೊಡ್ಡ ಕುರಿಯ ತಲೆ. ಕಿವಿಯಿದೆ, ಮೂಗಿದೆ, ಹಣೆಯ ಮೇಲೆ ಗುಂಗುರು ಉಣ್ಣೆಯೂ ಇದೆ. ಕಣ್ಣು ಮಾತ್ರ ಇಲ್ಲ.

"ಕಣ್ಣ ಕಡೀಕ ಬರೀಬೇಕ್ರಿ ಅಕ್ಕಾರ," ಎಂದು ಸಕ್ಕುಬಾಯಿ ಸಣ್ಣ ಕುಂಚದ ತುದಿಯನ್ನು ತುಟಿಗಲ್ಲ, ಹೆಬ್ಬೆರಳಿನ ಉಗುರಿಗೆ ಒತ್ತಿ ಚೂಪು ಮಾಡುತ್ತಾರೆ. "ಮೊದಲ ಬರದ್ರ ಎಲ್ಲಾವೂ ಕೂಡಿ ನನ್ನ ನೋಡಾಕತ್ತತಾವ. ಆಮ್ಯಾಗ ಕೆಲಸ ಸಾಗಾಂಗಿಲ್ಲ."

ಕೇಕನ್ನು ಪುಡಿ ಮಾಡಿ, ಕೆನೆ ಬೆರೆಸಿ ಉಂಡೆ ಕಟ್ಟಿ, ಕಡ್ಡಿಗೆ ಚುಚ್ಚಿ, ಕರಗಿದ ಚಾಕೊಲೇಟಿನಲ್ಲಿ ಅದ್ದಿ ತೆಗೆದರೆ ಅದು ಕೇಕ್ ಪಾಪ್. ಈ ಭಾಗದ ಮಕ್ಕಳ ಬಾಯಲ್ಲಿ ಅದು ಕಡ್ಡಿ ಕೇಕ್. ಅದಕ್ಕೆ ಮುಖ ಕೊಡುವುದು ಇನ್ನೊಂದು ಬಗೆಯ ಚಾಕೊಲೇಟು. ಕರಗಿಸಿದ ಚಾಕೊಲೇಟಿಗೆ ಗ್ಲುಕೋಸ್ ಪಾಕ ಸೇರಿಸಿ ಒಂದು ದಿನ ಬಿಟ್ಟರೆ ಅದು ಹೋಳಿಗೆಯ ಕಣಕದಂತೆ ನಾದಲು ಬರುತ್ತದೆ. ಅದರಿಂದ ಕಿವಿ ತಿದ್ದಬಹುದು, ಕೊಂಬು ಹೊಸೆಯಬಹುದು, ಹೂವಿನ ಎಸಳು ಅರಳಿಸಬಹುದು. ಹಾಗೆ ತಿದ್ದಿದ್ದಕ್ಕೆ ಬಣ್ಣ ತುಂಬಿ, ಕೊನೆಗೆ ಹೊಳಪು ಹಚ್ಚುವುದು ಸಕ್ಕುಬಾಯಿಯ ಕೆಲಸ. ನಿಪ್ಪಾಣಿ, ಚಿಕ್ಕೋಡಿ, ಕಾಗವಾಡದ ಹುಟ್ಟುಹಬ್ಬಗಳಿಗೆ ಹೋಗುವ ಈ ಪುಟ್ಟ ಪ್ರಾಣಿಗಳ ಡಬ್ಬಿಯ ಮೇಲೆ ಬೇಕರಿಯ ಹೆಸರಿರುತ್ತದೆ. ಬಣ್ಣ ಹಚ್ಚಿದವರ ಹೆಸರು ಯಾರಿಗೂ ತಿಳಿಯದು.

ನೀರಿನಲ್ಲಿ ಕಲಸಿದ ಬಣ್ಣ ಇಲ್ಲಿ ನಡೆಯುವುದಿಲ್ಲ. ಚಾಕೊಲೇಟಿನ ಜಿಡ್ಡಿನ ಮೇಲೆ ಅದು ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಉರುಳಿ ಹೋಗುತ್ತದೆ. ಹಾಗಾಗಿ ಸಕ್ಕುಬಾಯಿ ಕೋಕೋ ಬೆಣ್ಣೆ ಕರಗಿಸಿ, ಅದರಲ್ಲಿ ಬಣ್ಣದ ಪುಡಿ ತೇಯುತ್ತಾರೆ. ಬಿಸಿನೀರಿನ ಪಾತ್ರೆಯ ಮೇಲೆ ಸ್ಟೀಲಿನ ತಟ್ಟೆ, ತಟ್ಟೆಯಲ್ಲಿ ಬೊಟ್ಟು ಬೊಟ್ಟಾಗಿ ಬಣ್ಣ. ಬಿಸಿ ಹೆಚ್ಚಾದರೆ ಕುರಿಯ ಕೆನ್ನೆ ಕರಗುತ್ತದೆ, ಕಡಿಮೆಯಾದರೆ ಕುಂಚದಲ್ಲೇ ಬಣ್ಣ ಗಟ್ಟಿಯಾಗುತ್ತದೆ. ಬಿಸಿಲೇರಿ ಚಾವಣಿಯ ತಗಡು ಕಾಯುವ ಮೊದಲೇ ಎಲ್ಲ ಮುಗಿಯಬೇಕು. ಫ್ರಿಜ್ಜಿನಲ್ಲಿಟ್ಟರೆ ಆಗದೇ ಎಂದು ಕೇಳುತ್ತೇನೆ.

"ಹೊರಗ ತೆಗದ ಕೂಡ್ಲೆ ಬೆವರತಾವ್ರಿ. ಬೆವತ್ರ ಬಣ್ಣ ಒಡೀತೈತಿ. ಅದಕ್ಕ ಈ ತಂಪ ಹೊತ್ತ ನೋಡ್ರಿ ನಂದು."

ಮದುವೆ, ಹುಟ್ಟುಹಬ್ಬ ಹೆಚ್ಚಿರುವ ತಿಂಗಳಲ್ಲಿ ದಿನಕ್ಕೆ ನೂರರ ಹತ್ತಿರ ಮುಖ, ಇಲ್ಲದಿದ್ದರೆ ಮೂವತ್ತು ನಲವತ್ತು. ಆನೆ, ಹುಲಿ, ಕರಡಿ, ರಾಜಕುಮಾರಿ, ಕ್ರಿಕೆಟ್ ಚೆಂಡು, ಕೆಲವೊಮ್ಮೆ ಟ್ರ್ಯಾಕ್ಟರ್. ಟ್ರ್ಯಾಕ್ಟರ್ ಬಂದರೆ ಮಾತ್ರ ಸಕ್ಕುಬಾಯಿ ಅದನ್ನು ಬೇಕರಿ ನಡೆಸುವ ಮನೆಯೊಡತಿ ಕೋಮಲ ಅವರ ಕಡೆಗೆ ಸರಿಸುತ್ತಾರೆ. ಕೋಮಲ ಯಾಕೆಂದು ಕೇಳುವುದಿಲ್ಲ.

ಸಕ್ಕುಬಾಯಿಗೆ ಈಗ ಐವತ್ತರ ಆಸುಪಾಸು. ಮಂಗಸೂಳಿ ಕಡೆಯ ಕುರಿಗಾರರ ಮನೆತನ. ಮದುವೆಯಾದ ದಿನದಿಂದ ಗಂಡ ಜಕ್ಕಪ್ಪನ ಹಿಂದೆ, ಕುರಿಯ ಹಿಂದೆ ನಡೆದವರು. ಮಳೆಗಾಲ ಮುಗಿದ ಮೇಲೆ ಹಿಂಡು ಕೃಷ್ಣೆಯ ದಂಡೆ ಹಿಡಿದು ಹೊರಡುತ್ತಿತ್ತು. ಗೊಬ್ಬರಕ್ಕೆಂದು ರೈತರು ತಮ್ಮ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಸದಲಗಾದ ಈ ಹೊಲದಲ್ಲೂ ಅವರ ಹಿಂಡು ಪ್ರತಿ ವರ್ಷ ನಿಂತಿದೆ. ಹೊಲದ ಮಾಲೀಕರು ಕೋಮಲ ಅವರ ಮಾವ.

ಕೆಲವು ವರ್ಷಗಳ ಹಿಂದೆ, ಕಬ್ಬು ನುರಿಸುವ ಹಂಗಾಮಿನಲ್ಲಿ, ಉಗಾರ ಖುರ್ದ ದಾಟಿ ಹೋಗುತ್ತಿದ್ದಾಗ ಹೊತ್ತು ಮುಳುಗಿತ್ತು. ಹಿಂಡು ರಸ್ತೆಯ ಮೇಲಿತ್ತು. ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಬಂದ ಟ್ರ್ಯಾಕ್ಟರಿಗೆ ಇಳಿಜಾರಿನಲ್ಲಿ ನಿಲ್ಲಲಾಗಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಕುರಿಗಳು ಸತ್ತವು. ಮರಿಗಳನ್ನು ಬದಿಗೆ ತಳ್ಳಲು ಓಡಿದ ಜಕ್ಕಪ್ಪನ ಬಲಗಾಲು ತೊಡೆಯ ಬಳಿ ಮುರಿಯಿತು.

"ಆ ಹುಡುಗನ ಮ್ಯಾಲ ನಮಗ ಸಿಟ್ಟಿಲ್ರಿ," ಎನ್ನುತ್ತಾರೆ ಸಕ್ಕುಬಾಯಿ. ಕೈಯಲ್ಲಿರುವ ಕುರಿಯ ಮೂಗಿಗೆ ಗುಲಾಬಿ ಬಣ್ಣ ತಾಕಿಸುತ್ತಲೇ ಇದ್ದಾರೆ. "ಡ್ರೈವರ ಹುಡುಗ ರಸ್ತೆದಾಗ ಕುಂತು ಅಳತಿದ್ದ. ನಾವೂ ಕತ್ತಲಾಗ ರಸ್ತೆ ಮ್ಯಾಲ ಇದ್ವಿ. ಯಾರಿಗೆ ಏನ ಅನ್ನೂದು?"

ಮೂಳೆ ಕೂಡಿತು, ಆದರೆ ಕಾಲು ಗಿಡ್ಡವಾಯಿತು. ಹಿಂಡಿನ ಹಿಂದೆ ನಡೆಯುವುದು ಇನ್ನಾಗದು ಎಂದಾಗ ಉಳಿದ ಕುರಿಗಳು ಜಕ್ಕಪ್ಪನ ತಮ್ಮ ಮಾಯಪ್ಪನ ಪಾಲಾದವು. ಗಂಡ ಹೆಂಡತಿ ಸದಲಗಾದ ಈ ಹೊಲದ ಮೂಲೆಯ ಒಂದು ಖೋಲಿಗೆ ಬಂದರು. ಸಕ್ಕುಬಾಯಿ ಕೋಮಲ ಅವರ ಬೇಕರಿಯಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ನಿಂತರು. ಜಕ್ಕಪ್ಪ ಮಾತು ಬಿಟ್ಟರು. ಕೇಳಿದ್ದಕ್ಕೆ ಹೂಂ, ಇಲ್ಲ, ಅಷ್ಟೇ. ರಸ್ತೆಯಲ್ಲಿ ಬೇರೆಯವರ ಹಿಂಡು ಹೋಗುವ ಸದ್ದು ಕೇಳಿದರೆ ಕೋಲೂರಿಕೊಂಡು ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು.

ಸಕ್ಕುಬಾಯಿಯ ಕೈಗೆ ಕುಂಚ ಬಂದದ್ದು ಅನಿವಾರ್ಯತೆಯಿಂದ. ಇಚಲಕರಂಜಿಯಲ್ಲಿ ಕೇಕ್ ಮಾಡಲು ಕಲಿತು ಬಂದ ಕೋಮಲ ಬಣ್ಣದ ಕೆಲಸವನ್ನೆಲ್ಲ ತಾವೇ ಮಾಡುತ್ತಿದ್ದರು. ಬಸುರಿಯಾದಾಗ ಚಾಕೊಲೇಟಿನ ವಾಸನೆಯೇ ಅವರಿಗೆ ಆಗದಾಯಿತು.

"ಆರ್ಡರ್ ಒಪ್ಪಕೊಂಡಬಿಟ್ಟಿದ್ದೆ," ಎಂದು ಕೋಮಲ ನೆನೆಯುತ್ತಾರೆ. ಅವರು ಸಕ್ಕುಬಾಯಿಯನ್ನು ಮಾವಶಿ, ಅಂದರೆ ಚಿಕ್ಕಮ್ಮ ಎಂದೂ, ಸಕ್ಕುಬಾಯಿ ಅವರನ್ನು ವೈನೀ, ಅಂದರೆ ಅತ್ತಿಗೆ ಎಂದೂ ಕರೆಯುತ್ತಾರೆ. "ನಾ ಬಾಗಲ ಹೊರಗ ಮೂಗಿಗೆ ಬಟ್ಟಿ ಕಟಗೊಂಡು ನಿಂತು ಹೇಳತಿದ್ದೆ, ಮಾವಶಿ ಒಳಗ ಕುಂತು ಹಚ್ಚತಿದ್ರು. ಕೈ ಅಳ್ಳಾಡತಿರಲಿಲ್ಲ ಅವರದು. ಮರಿಗೆ ಔಷಧ ಕುಡಿಸಿದ ಕೈ ಅದು."

ಆ ಮೊದಲ ಆರ್ಡರ್ ಕುರಿಗಳದ್ದೇ. ಸಕ್ಕುಬಾಯಿಗೆ ಗೊತ್ತಿದ್ದದ್ದು ನಿಜವಾದ ಕುರಿಯ ಕಣ್ಣು. ಹಳದಿಯ ನಡುವೆ ಅಡ್ಡಲಾಗಿ ಒಂದು ಕಪ್ಪು ಗೆರೆ. ಹಾಗೆಯೇ ಬರೆದರು, ತೃಪ್ತಿಯಿಂದ ಕಳಿಸಿದರು. ಸಂಜೆ ನಿಪ್ಪಾಣಿಯಿಂದ ಫೋನು ಬಂತು. ಹುಟ್ಟುಹಬ್ಬದ ಕೂಸು ಕುರಿ ನೋಡಿ ಹೆದರಿ ಅತ್ತಿದೆ, ಅದು ನನ್ನ ನೋಡಾಕತ್ತೈತಿ ಎಂದು ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿದೆ. ಬಂದ ಮಕ್ಕಳು ಯಾರೂ ಮುಟ್ಟಿಲ್ಲ.

"ನನ್ನಿಂದ ವೈನೀ ಹೆಸರ ಕೆಟ್ಟತು ಅನಿಸ್ತು. ಮರುದಿನ ಬಂದು ಕುಂಚದ ಕಡೆ ನೋಡಲಿಲ್ಲ. ಸೀದಾ ಭಾಂಡಿ ತಿಕ್ಕಾಕ ಕುಂತೆ," ಎನ್ನುತ್ತಾರೆ ಸಕ್ಕುಬಾಯಿ.

ಕೋಮಲ ಬೈಯಲಿಲ್ಲ. ಪಾತ್ರೆಗಳ ಪಕ್ಕದಲ್ಲೇ ಬಂದು ಕುಳಿತು ಮೊಬೈಲಿನಲ್ಲಿ ಒಂದು ಪಟ ತೋರಿಸಿದರು. ಬೆಳ್ಳನೆಯ ಕುರಿ, ಗೋಲಿಯಂಥ ಕರಿ ಕಣ್ಣು, ಕಣ್ಣಿನಲ್ಲೊಂದು ಬಿಳಿ ಚುಕ್ಕಿ. "ಮಾವಶಿ, ನೀವು ಬರದದ್ದು ಹೊಲದ ಕುರಿ. ಇದು ಕೂಸಿನ ಕುರಿ. ಇದನ್ನ ಕಲೀರಿ," ಎಂದರು.

ಸಕ್ಕುಬಾಯಿ ಕಲಿತರು. ಸ್ಟೀಲ್ ತಟ್ಟೆಯ ಬೆನ್ನಿನ ಮೇಲೆ ಕಣ್ಣು ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ಮಧ್ಯಾಹ್ನದ ಬಿಡುವಿನಲ್ಲೆಲ್ಲ ಅದೇ. ಬಿಳಿ ಚುಕ್ಕಿಯಲ್ಲೇ ಎಲ್ಲ ಇದೆ ಎಂಬುದು ಅವರಿಗೆ ಹೊಳೆದದ್ದು ಆಗ. "ಎರಡೂ ಕಣ್ಣಿನ ಚುಕ್ಕಿ ಒಂದs ಮಗ್ಗಲಿಗೆ ಬರಬೇಕ್ರಿ. ಒಂದು ಇತ್ತಾಗ, ಒಂದು ಅತ್ತಾಗ ಆದ್ರ ಮೆಳ್ಳಗಣ್ಣ ಆಗತೈತಿ. ಚುಕ್ಕಿ ಸರೀಗಿ ಬಿತ್ತಂದ್ರ ಅದು ನಗತೈತಿ. ಬಾಯಿ ಬರೀದಿದ್ರೂ ನಗತೈತಿ." ನಿಪ್ಪಾಣಿಯ ಅದೇ ಮನೆಯಿಂದ ಮರುವರ್ಷವೂ ಆರ್ಡರ್ ಬಂತು. ಆ ಸಲ ಕೂಸು ಅಳಲಿಲ್ಲವಂತೆ.

ಬಣ್ಣ ಬಿರುಕು ಬಿಟ್ಟು ಕಳಿಸಲಾಗದ ಒಂದು ಕಡ್ಡಿ ಕೇಕನ್ನು ಒಂದು ದಿನ ಸಕ್ಕುಬಾಯಿ ಮನೆಗೆ ಒಯ್ದರು. ಚಹಾದ ಜೊತೆ ತಿನ್ನಲಿ ಎಂದು ಗಂಡನ ಕೈಗೆ ಕೊಟ್ಟು ಒಳಗೆ ಹೋದರು. ಜಕ್ಕಪ್ಪ ತಿನ್ನಲಿಲ್ಲ. ಕಡ್ಡಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಪಟದಲ್ಲಿದ್ದ ಹಾಗೆ ಆ ಕುರಿಯ ಕಿವಿಗಳು ಮೇಲಕ್ಕೆ ನೆಟ್ಟಗೆ ನಿಂತಿದ್ದವು.

"ನಾ ಒಲಿ ಮುಂದ ಇದ್ದೆ. ಹೊರಗ ಯಾರೋ ನಕ್ಕಂಗಾತು. ಯಾರ ಬಂದಾರ ಅಂತ ನೋಡಾಕ ಎದ್ದು ಬಂದೆ," ಎಂದು ಹೇಳುವಾಗ ಸಕ್ಕುಬಾಯಿಯ ಕುಂಚ ಗಾಳಿಯಲ್ಲೇ ನಿಲ್ಲುತ್ತದೆ. "ಯಾರೂ ಬಂದಿರಲಿಲ್ರಿ. ನಮ್ಮನಿಯವ್ರs ನಗತಿದ್ರು."

"ಇದು ಕುರಿಯೋ, ಮೊಲಾನೋ?" ಎಂದು ಜಕ್ಕಪ್ಪ ಹೆಂಡತಿಯನ್ನು ಕೇಳಿದ್ದರು. ಅಷ್ಟು ಉದ್ದದ ಮಾತು ಅವರ ಬಾಯಿಂದ ಬಂದು ಬಹಳ ದಿನವಾಗಿತ್ತು.

ಮರುದಿನ ಸಕ್ಕುಬಾಯಿ ಕೋಮಲ ಅವರನ್ನು ಕೇಳಿ, ನಾದಿದ ಕಂದು ಚಾಕೊಲೇಟಿನ ಒಂದು ಉಂಡೆ ಒಯ್ದರು. ಜಕ್ಕಪ್ಪ ಕೈ ತೊಳೆದು ಬಂದು, ಹೆಬ್ಬೆರಳು ತೋರುಬೆರಳಿನ ನಡುವೆ ಚಿವುಟಿ, ಒತ್ತಿ, ಎಲೆಯಂತೆ ತೆಳುವಾದ ಕಿವಿಗಳನ್ನು ಮಾಡಿದರು. ಈ ಸೀಮೆಯ ಕರಿ ಕುರಿಯ ಕಿವಿ ಹೇಗೆ ಜೋಲುತ್ತದೋ ಹಾಗೆ, ಕೆನ್ನೆಯ ಪಕ್ಕಕ್ಕೆ. ಕೋಮಲ ಅವುಗಳ ಫೋಟೋ ತೆಗೆದು ಗಿರಾಕಿಗಳಿಗೆ ಕಳಿಸಿದರು. ಅಂದಿನಿಂದ ಬೇಕರಿಯಲ್ಲಿ ಎರಡು ಬಗೆ: ಪಟದ ಕುರಿ, ನಮ್ಮ ಕುರಿ. "ಹತ್ತರಾಗ ಎಂಟು ಮಂದಿ ಪಟದ ಕುರಿನ ಕೇಳತಾರ, ಸುಳ್ಳ ಯಾಕ ಹೇಳಲಿ," ಎಂದು ಕೋಮಲ ನಗುತ್ತಾರೆ. ಜಕ್ಕಪ್ಪನಿಗೆ ಅದರಿಂದ ಬೇಸರವಿಲ್ಲ. ಉಳಿದ ಇಬ್ಬರಿಗೆ ಕಿವಿ ಬೇಕಲ್ಲ.

ಹಾಗೆ ನಮ್ಮ ಕುರಿಯನ್ನೇ ಕೇಳಿ ಬಂದವರು ಬಾಬಾಸಾಹೇಬ. ಮಂಗಸೂಳಿ ಹತ್ತಿರ ಅವರ ದ್ರಾಕ್ಷಿ ತೋಟವಿದೆ. ಕಳೆದ ಶ್ರಾವಣದಲ್ಲಿ ಮೊಮ್ಮಗಳ ಹುಟ್ಟುಹಬ್ಬ. ಬೆಳಿಗ್ಗೆ ಮಂಗಸೂಳಿಯ ಮಲ್ಲಯ್ಯನ ದರ್ಶನ ಮಾಡಿಸಿ, ಆಮೇಲೆ ತೋಟದಲ್ಲಿ ಮಕ್ಕಳಿಗೆ ತಿನಿಸು ಎಂಬುದು ಅವರ ಲೆಕ್ಕ. ಒಂದು ಹಿಂಡಿನಷ್ಟು ಕರಿ ಕುರಿ ಬೇಕು, ನಡುವೆ ಕುದುರೆ ಏರಿದ ಮಲ್ಲಯ್ಯನ ಮೂರ್ತಿಯೂ ಒಂದು ಬೇಕು ಎಂದರು. ಸಕ್ಕುಬಾಯಿ ಎದ್ದು ನಿಂತು ಕೈ ಮುಗಿದರು.

"ದೇವರ ತಲಿ ಕಡ್ಡಿಗೆ ಚುಚ್ಚಾಕ ನನ್ನ ಕೈ ಬರಾಂಗಿಲ್ರಿ ದಾದಾ. ಬೇಕಾದ್ರ ಅವನ ಕುದರಿ ಮಾಡಿ ಕೊಡತೇನಿ."

ಬಾಬಾಸಾಹೇಬ ಒಪ್ಪಿದರು. ಹೊರಡುವ ಮೊದಲು ಹೊಳಪಿನ ಬಾಟಲಿ ಕೈಗೆತ್ತಿಕೊಂಡು ಇದೇನೆಂದು ಕೇಳಿದರು. ಅರಗಿನಿಂದ ತೆಗೆದದ್ದು, ತಿನ್ನಲು ಬರುವಂಥದ್ದೇ, ಕೇಕಿಗೂ ಮೊಟ್ಟೆ ಹಾಕುವುದಿಲ್ಲ ಎಂದು ಕೋಮಲ ಹೇಳಿದರು. ಅವರು ಬಾಟಲಿ ಕೆಳಗಿಟ್ಟರು. "ನಮ್ಮ ಬಾಂದಿನ ಆಚೆ ತೋಟದವರು ಜೈನರು ನೋಡವ್ವ. ಅವರ ಹುಡುಗೋರು ದಿನಾ ನನ್ನ ಮೊಮ್ಮಗಳ ಜೋಡಿ ಆಡತಾವ. ಅರಗು ಹುಳದಿಂದ ಆಗೂದು, ಅವು ತಿನ್ನಾಂಗಿಲ್ಲ. ಎಲ್ಲಾ ಕೂಸುಗೋಳು ತಿಂತಾವ, ಅವೆರಡು ನೋಡಕೋತ ಕೂಡತಾವ. ಹಂಗ ಆಗಬಾರದು."

ಹೊಳಪು ಹಚ್ಚದೆ ಬಿಡಬಹುದಿತ್ತು. ಆದರೆ ಶ್ರಾವಣದ ಹಸಿ ಗಾಳಿಗೆ ಚಾಕೊಲೇಟು ಮಂಕಾಗುತ್ತದೆ, ಮುಟ್ಟಿದಲ್ಲೆಲ್ಲ ಬೆರಳಚ್ಚು ಮೂಡುತ್ತದೆ. ಕರಿ ಕುರಿಯ ಮೇಲಂತೂ ಎದ್ದು ಕಾಣುತ್ತದೆ. ಸಕ್ಕುಬಾಯಿಗೆ ನೆನಪಾದದ್ದು ಅಂಟು. ಬಾಣಂತಿಯರ ಉಂಡೆಗೆ ಹಾಕುವ ಅದೇ ಅಂಟು. ಕುರಿ ಕಾಯುವಾಗ ಜಾಲಿ ಗಿಡದಿಂದ ಕಿತ್ತು ಬಾಯಿಗೆ ಹಾಕಿಕೊಂಡದ್ದು, ಅದು ಬಿಸಿಲಿಗೆ ಗಾಜಿನಂತೆ ಮಿಂಚುತ್ತಿದ್ದದ್ದು.

ಅಂಗಡಿಯಿಂದ ಸೋಸಿದ ಅಂಟು ತಂದು ನೆನೆಸಿ ಹಚ್ಚಿದರು. ಒಣಗಿದ ಮೇಲೆ ಹಪ್ಪಳದ ಹಾಗೆ ಬಿರುಕು ಬಿಟ್ಟು ಎದ್ದು ಬಂತು. ತೆಳು ಮಾಡಿ ಹಚ್ಚಿದರು, ಅದು ಹನಿಗಟ್ಟಿ ಜಾರಿತು. ಕೋಮಲ ಮೊಬೈಲಿನಲ್ಲಿ ಹುಡುಕಿ, ನಾದುವ ಚಾಕೊಲೇಟಿಗೆ ಹಾಕುವ ಗ್ಲುಕೋಸ್ ಪಾಕವನ್ನೇ ಇದಕ್ಕೂ ಒಂದು ಚಮಚ ಸೇರಿಸಿದರೆ ಒಡೆಯುವುದಿಲ್ಲವಂತೆ ಎಂದು ಹೇಳಿದರು. ಸೇರಿಸಿದರು. ಎಳೆದು ಹಚ್ಚದೆ, ಕುಂಚದ ತುದಿಯಿಂದ ತಟ್ಟಿ ತಟ್ಟಿ ಒಂದು ತೆಳು ಪದರ, ಅದು ಒಣಗಿದ ಮೇಲೆ ಇನ್ನೊಂದು. ಈ ಸಲ ಹೊಳಪು ಕೂತಿತು. ಆಗಷ್ಟೇ ಮಳೆಯಲ್ಲಿ ನೆನೆದು ಬಂದ ಕುರಿಯ ಹಾಗೆ ಇತ್ತು ಎನ್ನುತ್ತಾರೆ ಸಕ್ಕುಬಾಯಿ.

ಹುಟ್ಟುಹಬ್ಬದ ದಿನ ನಸುಕಿನಲ್ಲಿ ಎರಡನೆಯ ಪದರ ಹಚ್ಚಿ ಮುಗಿಸುವಷ್ಟರಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಕರೆಂಟು ಹೋಯಿತು, ಫ್ಯಾನು ನಿಂತಿತು. ಒಣಗದ ಅಂಟು ಸುತ್ತಲ ತೇವ ಹೀರತೊಡಗಿದರೆ ಬಣ್ಣವೂ ಕೆಡುತ್ತದೆ. ಬಾಬಾಸಾಹೇಬರ ಜೀಪು ಬರುವ ಹೊತ್ತು ಹತ್ತಿರವಾಗುತ್ತಿತ್ತು. ಕೋಮಲ ಕೂಸನ್ನು ಎತ್ತಿಕೊಂಡು ಬಾಗಿಲಿಗೂ ಒಳಗೂ ಓಡಾಡಿದರು. ಸಕ್ಕುಬಾಯಿ ಹಲಗೆಯ ಮುಂದೆ ಕೂತೇಬಿಟ್ಟರು.

ಆಗ ಅಂಗಳದ ಕೆಸರಿನಲ್ಲಿ ಕೋಲಿನ ಸದ್ದು ಕೇಳಿತು. ಜಕ್ಕಪ್ಪ ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಬಂದಿದ್ದರು. ಗೋಡೆಗೆ ಬೆನ್ನು ಕೊಟ್ಟು, ಗಿಡ್ಡ ಕಾಲನ್ನು ಚಾಚಿ ಕುಳಿತರು. ಕೇಕ್ ಡಬ್ಬಿಯ ರಟ್ಟೊಂದನ್ನು ತೆಗೆದುಕೊಂಡು ಮೆಲ್ಲಗೆ ಬೀಸತೊಡಗಿದರು.

"ಜೋರ ಬೀಸಿದ್ರ ಅಂಟು ಸುಕ್ಕ ಆಗತೈತಿ," ಎಂದರು ಸಕ್ಕುಬಾಯಿ.

"ಗೊತ್ತೈತಿ. ಹುಟ್ಟಿದ ಮರಿಗೆ ಬೀಸಿಲ್ಲೇನ ನಾನು," ಎಂದರು ಜಕ್ಕಪ್ಪ.

ಬಲಗೈ ಸೋತಾಗ ಎಡಗೈ, ಎಡಗೈ ಸೋತಾಗ ಬಲಗೈ. ಸಕ್ಕುಬಾಯಿ ಕಡ್ಡಿಗಳನ್ನು ಒಂದೊಂದಾಗಿ ತಿರುಗಿಸುತ್ತಾ ಹೋದರು. ಜೀಪು ಬಂದಾಗ ಇನ್ನೂ ಬೀಸುತ್ತಲೇ ಇದ್ದರು. ಬಾಬಾಸಾಹೇಬ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಂದು, ಚಾಪೆಯ ಅಂಚಿನಲ್ಲಿ ಕುಳಿತು ಕಾದರು. ಕೊನೆಯ ಕುರಿಯ ಕಿವಿಗೆ ಸಕ್ಕುಬಾಯಿ ಬೆರಳ ಹಿಂಬದಿ ತಾಕಿಸಿ ನೋಡಿದರು. ಅಂಟಲಿಲ್ಲ. "ಒಣಗ್ಯಾವ," ಎಂದರು.

"ಇಬ್ಬರೂ ನಡೀರಿ. ಇದನ್ನ ಮಾಡಿದವರು ಅಲ್ಲಿ ಇರಬೇಕು," ಎಂದರು ಬಾಬಾಸಾಹೇಬ.

ಜಕ್ಕಪ್ಪ ಅಪಘಾತದ ನಂತರ ಮಂಗಸೂಳಿಗೆ ಹೋಗಿರಲಿಲ್ಲ. ಆ ರಸ್ತೆಯಲ್ಲೇ ಹೋಗಬೇಕು ಎಂಬುದು ಕಾರಣ. ಸಕ್ಕುಬಾಯಿ ಗಂಡನ ಮುಖ ನೋಡಿದರು. ಜಕ್ಕಪ್ಪ ಕೋಲು ಹುಡುಕುತ್ತಿದ್ದರು.

"ಆ ಜಾಗಾ ಬಂದಾಗ ಅವರು ಕಣ್ಣ ಮುಚ್ಚಕೊಂಡ್ರು," ಎನ್ನುತ್ತಾರೆ ಸಕ್ಕುಬಾಯಿ. "ಡಬ್ಬಿ ನಮ್ಮಿಬ್ಬರ ತೊಡಿ ಮ್ಯಾಲಿತ್ತು. ಅವರ ಕೈ ಡಬ್ಬಿ ಮ್ಯಾಲಿತ್ತು, ನಾ ಅದರ ಮ್ಯಾಲ ಕೈ ಇಟ್ಟೆ. ದಾದಾ ಗಾಡಿ ಸಾವಕಾಶ ಮಾಡಿದ್ರು. ಅವರಿಗೆ ಯಾರ ಹೇಳಿದ್ರೋ."

ಮಲ್ಲಯ್ಯನ ಗುಡಿಯಲ್ಲಿ ಜಕ್ಕಪ್ಪ ಹಣೆ ತುಂಬ ಅರಿಸಿನದ ಭಂಡಾರ ಹಚ್ಚಿಸಿಕೊಂಡು ಬಹಳ ಹೊತ್ತು ನಿಂತರು. ತೋಟದಲ್ಲಿ ಮಕ್ಕಳು ಸಾಲಾಗಿ ಕುಳಿತರು. ಬಾಂದಿನ ಆಚೆಯ ಆ ಎರಡು ಮಕ್ಕಳೂ ಸಾಲಿನಲ್ಲಿದ್ದವು. ಇಷ್ಟು ವರ್ಷ ಬಣ್ಣ ಹಚ್ಚಿದರೂ, ಮಕ್ಕಳು ಅವನ್ನು ತಿನ್ನುವುದನ್ನು ಸಕ್ಕುಬಾಯಿ ನೋಡಿದ್ದು ಅದೇ ಮೊದಲು.

"ಮೊದಲ ಕೂಸು ಗಪ್ಪಂತ ಅರ್ಧಾ ತಲಿ ಕಚ್ಚಿತ್ರಿ. ನನ್ನ ಜೀವ ಝಲ್ ಅಂತು. ಆಮ್ಯಾಗ ಅದರ ಮಾರಿ ನೋಡಿದೆ. ಗಲ್ಲಕ್ಕೆಲ್ಲಾ ಬಣ್ಣ ಹತ್ತಿತ್ತು, ಇನ್ನೊಂದ ಕೊಡು ಅಂತ ಕೈ ಚಾಚತಿತ್ತು. ಮಾಡೂದು ಇದಕ್ಕs ಅಲ್ಲೇನ ಅನಿಸ್ತು. ಮುಂದ ನಾನs ಹಂಚಿದೆ."

ಈಗ ಸದಲಗಾದಲ್ಲಿ ಬಿಸಿಲು ಖೋಲಿಯ ಹೊಸ್ತಿಲಿಗೆ ಬಂದಿದೆ. ಹಲಗೆಯ ಮೇಲಿನ ಕುರಿಗಳೆಲ್ಲ ಕಣ್ಣು ತೆರೆದಿವೆ. ಗೋಡೆಯ ಪಕ್ಕದಲ್ಲಿ ಜಕ್ಕಪ್ಪ ನಾಳೆಯ ಆನೆಗಳಿಗೆ ಸೊಂಡಿಲು ಹೊಸೆಯುತ್ತಿದ್ದಾರೆ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಸಕ್ಕುಬಾಯಿ ತಟ್ಟೆ ಒರೆಸುತ್ತಾ ಯೋಚಿಸುತ್ತಾರೆ. "ಪೇಪರನಾಗ ನನ್ನ ಒಬ್ಬಾಕಿ ಹೆಸರ ಹಾಕಬ್ಯಾಡ್ರಿ. ಅವರದೂ ಹಾಕ್ರಿ. ಅಷ್ಟs."

ಅವರದು ಅಂದರೆ ಯಾರದು, ಹೆಸರು ನೀವೇ ಹೇಳಿ ಎಂದು ಕೋಮಲ ಕೆಣಕುತ್ತಾರೆ. ಸಕ್ಕುಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ತಲೆ ಆಡಿಸುತ್ತಾರೆ. ಗಂಡನ ಹೆಸರು ಬಾಯಿಬಿಟ್ಟು ಹೇಳುವ ರೂಢಿ ಅವರಿಗಿಲ್ಲ. ಹೆಸರು ಸೇರಿಸಿ ಪದ್ಯದಂತೆ ಒಂದು ಒಡಪು ಕಟ್ಟಿಯಾದರೂ ಹೇಳಿ ಎಂದು ನಾನೂ ಸೇರಿಕೊಳ್ಳುತ್ತೇನೆ. ಜಕ್ಕಪ್ಪ ತಲೆ ಎತ್ತುವುದಿಲ್ಲ, ಆದರೆ ಸೊಂಡಿಲು ಹೊಸೆಯುವ ಬೆರಳು ನಿಂತಿದೆ. ಸಕ್ಕುಬಾಯಿ ಕುಂಚವನ್ನು ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಹೊಸ್ತಿಲ ಬಿಸಿಲಿನ ಕಡೆ ಮುಖ ತಿರುಗಿಸಿ, ಸಣ್ಣ ದನಿಯಲ್ಲಿ, ಒಂದೇ ಉಸಿರಿಗೆ ಹೇಳುತ್ತಾರೆ:

"ಜಾಲಿ ಗಿಡದ ಅಂಟ ತಂದು ಹೊಳಪ ಮಾಡೇನಿ,
ಜಕ್ಕಪ್ಪನವರು ಗಾಳಿ ಬೀಸ್ಯಾರ, ನಾ ಬಣ್ಣಾ ಹಚ್ಚೇನಿ."